ನಿಮಗಿದು ಗೊತ್ತೇ? ಮನೆ ಒಂದು, ಲೆಕ್ಕ ಹಲವು

ಚನ್ನಗಿರಿಯ ಅಡಿಕೆ ತೋಟದಿಂದ ಜಗಳೂರಿನ ಬೆದ್ದಲು ಹೊಲದವರೆಗೆ ಕುಟುಂಬ ಇಲ್ಲದ ಊರಿಲ್ಲ. ಆದರೆ ಕುಟುಂಬದಲ್ಲಿ ಯಾರು ಯಾರು ಸೇರುತ್ತಾರೆ ಎಂಬ ಪ್ರಶ್ನೆಗೆ ಒಲೆ, ರೂಢಿ, ಕಾನೂನು ಕೊಡುವ ಉತ್ತರ ಒಂದೇ ಅಲ್ಲ!

● ಜನಗಣತಿಯವರ ಲೆಕ್ಕದಲ್ಲಿ ಒಂದು ಅಡುಗೆಮನೆ ಎಂದರೆ ಒಂದು ಕುಟುಂಬ. ಒಂದೇ ಸೂರಿನಡಿ ಅಣ್ಣತಮ್ಮಂದಿರು ಬೇರೆ ಒಲೆ ಹೂಡಿದರೆ ಎರಡು. ನ್ಯಾಯಾಲಯ ಮಾತ್ರ, ಒಲೆ ಬೇರೆಯಾದ ಮಾತ್ರಕ್ಕೇ ಆಸ್ತಿ ಪಾಲಾಯಿತೆಂದು ಒಪ್ಪುವುದಿಲ್ಲ.

● ಅವಿಭಕ್ತ ಕುಟುಂಬದ ಕಾನೂನಿನ ಬೇರು ಕನ್ನಡ ನೆಲದಲ್ಲೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ವೇ ಅದು. ಬಂಗಾಳ, ಅಸ್ಸಾಂ ಬಿಟ್ಟರೆ ದೇಶದ ಬಹುಭಾಗದಲ್ಲಿ ಹಿಂದೂಗಳ ಪಾಲುಪಾರೀಕತ್ತು ನಡೆದದ್ದು ಇದರ ಆಧಾರದಲ್ಲಿ.

● ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕಿನ ಕಾಯ್ದೆ ತಂದಿತ್ತು. ಮನೆ ಪಾಲಾಗುವಾಗ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಅಂಶ ಸಿಗಬೇಕೆಂದಿತು. ಮಗಳಿಗೆ ಸಿಕ್ಕಿದ್ದು ಅಣ್ಣನ ಪಾಲಿನ ಕಾಲು ಭಾಗ. ಆಗ ಶಿವಮೊಗ್ಗ ಜಿಲ್ಲೆಯಲ್ಲಿದ್ದ ಚನ್ನಗಿರಿ, ಹೊನ್ನಾಳಿಗೂ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಜಗಳೂರಿಗೂ ಈ ಕಾಯ್ದೆ ಅನ್ವಯಿಸುತ್ತಿತ್ತು. ಈ ತಾಲ್ಲೂಕುಗಳು ದಾವಣಗೆರೆ ಜಿಲ್ಲೆಗೆ ಸೇರಿದ್ದು 1997ರಲ್ಲಿ.

● ಚನ್ನಗಿರಿಗೆ ಹೆಸರು ಬಂದದ್ದು ಕೆಳದಿಯ ರಾಣಿ ಚನ್ನಮ್ಮಾಜಿಯಿಂದ. ಗಂಡ ತೀರಿಕೊಂಡ ಮೇಲೆ ಪಟ್ಟವೇರಿದ ಈಕೆ, ಬಸಪ್ಪ ನಾಯಕನನ್ನು ದತ್ತು ತೆಗೆದುಕೊಂಡು ವಂಶ ಮುಂದುವರಿಸಿದಳು. ಅವಳ ಬಳಿಕ ರಾಜ್ಯವಾಳಿದವನು ಅವನೇ.

● ಈ ಸೀಮೆಯ ಹಲವು ಸಮುದಾಯಗಳಲ್ಲಿ ಹೆಣ್ಣು ನೋಡಲು ಹೋದವರು ಮೊದಲು ಕೇಳುವುದು ಬೆಡಗು, ಅಂದರೆ ವಂಶದ ಬಳಿ, ಯಾವುದು ಎಂದು. ಬೆಡಗು ಒಂದೇ ಆದರೆ ಹುಡುಗ ಹುಡುಗಿ ಅಣ್ಣತಂಗಿಯ ಲೆಕ್ಕ. ಊರು ನೂರು ಮೈಲಿ ದೂರವಿದ್ದರೂ ಮಾತುಕತೆ ಅಲ್ಲಿಗೇ ಮುಗಿಯುತ್ತದೆ.

● ಅಕ್ಕನ ಮಗಳನ್ನು ಮದುವೆಯಾಗುವುದನ್ನು 1955ರ ಹಿಂದೂ ವಿವಾಹ ಕಾಯ್ದೆ ನಿಷೇಧಿಸಿದೆ. ಆದರೆ ಮನೆತನದಲ್ಲಿ ರೂಢಿಯಿದ್ದರೆ ಅಡ್ಡಿಯಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಇಂಥ ಸಂಬಂಧಗಳನ್ನು ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1942ರಲ್ಲೇ ಪುಸ್ತಕವಾಗಿ ದಾಖಲಿಸಿದ್ದರು.

● ಬಂಜಾರರ ತಾಂಡಾದಲ್ಲಿ ಕುಟುಂಬದ ಜಗಳ ಮೊದಲು ಹೋಗುವುದು ಪೊಲೀಸ್ ಠಾಣೆಗಲ್ಲ, ನಾಯಕನ ಕಟ್ಟೆಗೆ. ಜೊತೆಗೆ ಕೂರುವವರು ಡಾವ ಮತ್ತು ಕಾರಭಾರಿ ಎಂಬ ಹಿರಿಯರು. ಮದುವೆ, ಬಿಡುಗಡೆ, ದಂಡ ಎಲ್ಲವೂ ಅಲ್ಲಿ ಚರ್ಚೆಯಾಗುತ್ತವೆ. ರಾಠೋಡರು ರಾಠೋಡರಲ್ಲಿ ಹೆಣ್ಣು ತರುವಂತಿಲ್ಲ. ಪವಾರ, ಚವ್ಹಾಣರಂಥ ಬೇರೆ ಗೋತ್ರದ ಮನೆಗಳಿಗೆ ಹೋಗಬೇಕು.

● ಬಂಜಾರರ ಆರಾಧ್ಯ ಸಂತ ಸೇವಾಲಾಲರು 1739ರ ಫೆಬ್ರುವರಿ 15ರಂದು ಹುಟ್ಟಿದರೆಂದು ನಂಬುವ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲಿ. ಜಯಂತಿಗೆ ಮಾಲೆ ಧರಿಸಿದ ಭಕ್ತರು ಹೊರರಾಜ್ಯಗಳಿಂದಲೂ ಬರುತ್ತಾರೆ. ಒಂದೇ ಗೋರ್ ಭಾಷೆ ಮಾತಾಡುವ ಈ ನೆಂಟರಿಷ್ಟರು ಕಾಗದದಲ್ಲಿ ಮಾತ್ರ ಬೇರೆ ಬೇರೆ: ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಆಂಧ್ರ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ.

● ಚನ್ನಗಿರಿ ಕಡೆ ಅಡಿಕೆ ಕೊಯ್ಲು ಎಂದರೆ ಮನೆಮಂದಿಗೆಲ್ಲ ಕೆಲಸ. ಗೊನೆ ಅಂಗಳಕ್ಕೆ ಬಿದ್ದ ದಿನ ಅಜ್ಜಿಯಿಂದ ಸೊಸೆಯವರೆಗೆ ಸುಲಿಯಲು ಕೂರುತ್ತಿದ್ದರು, ಗಂಡಸರು ಹಂಡೆಯ ಚೊಗರಿನಲ್ಲಿ ಬೇಯಿಸಿ ಕೆಂಪು ಬಣ್ಣ ಹಿಡಿಸುತ್ತಿದ್ದರು. ಸುಲಿಯುವ ಯಂತ್ರ ಬಂದಮೇಲೆ, ತೋಟವನ್ನು ಚೇಣಿಗೆ ಕೊಡುವುದು ಹೆಚ್ಚಿದ ಮೇಲೆ ಆ ಕೂಟ ತೆಳ್ಳಗಾಯಿತು. ಒಟ್ಟು ಕುಟುಂಬವನ್ನು ಹಿಡಿದಿಟ್ಟದ್ದರಲ್ಲಿ ಪ್ರೀತಿಯಷ್ಟೇ ಪಾಲು ಕೈಗೆಲಸದ್ದೂ ಇತ್ತು!

● ಮಳೆ ಕೈಕೊಟ್ಟ ವರ್ಷ ಜಗಳೂರಿನ ಹಳ್ಳಿಗಳಿಂದ ಗಂಡ ಹೆಂಡತಿ ಗುಳೆ ಹೊರಡುತ್ತಾರೆ. ಊರಲ್ಲಿ ಉಳಿಯುವುದು ಅಜ್ಜ, ಅಜ್ಜಿ, ಶಾಲೆಗೆ ಹೋಗುವ ಮಕ್ಕಳು. ಪಠ್ಯಪುಸ್ತಕದ ‘ವಿಭಕ್ತ’, ‘ಅವಿಭಕ್ತ’ ಎರಡಕ್ಕೂ ಈ ಮನೆ ಹೊಂದುವುದಿಲ್ಲ.

● ನಮ್ಮ ಸೀಮೆಯಾಚೆ ನೋಡಿದರೆ, ಫಿಲಿಪೀನ್ಸ್ ತನ್ನ 1987ರ ಸಂವಿಧಾನದಲ್ಲಿ ಕುಟುಂಬವೇ ರಾಷ್ಟ್ರದ ಬುನಾದಿ ಎಂದು ಬರೆದುಕೊಂಡಿದೆ. ಅಲ್ಲಿ ಹೆಸರಿನ ನಡುವೆ ತಾಯಿಯ ಮನೆತನದ ಹೆಸರೂ ಇರುತ್ತದೆ. ನಾವು ಹಿರಿಯರ ಕಾಲಿಗೆ ಬಿದ್ದರೆ ಅವರು ಹಿರಿಯರ ಕೈಯನ್ನು ಹಣೆಗೆ ಒತ್ತಿಕೊಳ್ಳುತ್ತಾರೆ. ಪರದೇಶಕ್ಕೆ ದುಡಿಯಲು ಹೋದವರು ಸಾಬೂನು, ಚಾಕೊಲೇಟ್, ಬಟ್ಟೆ ತುಂಬಿ ಮನೆಗೆ ಕಳಿಸುವ ‘ಬಾಲಿಕ್‌ಬಯಾನ್’ ಪೆಟ್ಟಿಗೆ ಆ ದೇಶದ ಗುರುತೇ ಆಗಿಬಿಟ್ಟಿದೆ.

● ವಯಸ್ಸಾದವರನ್ನು ನೋಡಿಕೊಳ್ಳುವುದು ಕುಟುಂಬದ ಕರ್ತವ್ಯ ಎಂದೂ ಫಿಲಿಪೀನ್ಸ್‌ನ ಅದೇ ಸಂವಿಧಾನ ಹೇಳುತ್ತದೆ. ನಮ್ಮಲ್ಲಿ ಇದಕ್ಕೆ 2007ರ ಕಾಯ್ದೆಯಿದೆ. ಮಕ್ಕಳು ಅನ್ನ ಹಾಕದಿದ್ದರೆ ಅಪ್ಪ ಅಮ್ಮ ಜೀವನಾಂಶ ಕೋರಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು.

● ಮನೆಯ ಯಜಮಾನ ಯಾರು? 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಗೆ ಮನೆಯ ಹಿರಿಯ ಹೆಣ್ಣುಮಗಳೇ ಯಜಮಾನಿ. 2023ರಲ್ಲಿ ಬಂದ ರಾಜ್ಯದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಹೋಗುವುದೂ ಮನೆಯ ಯಜಮಾನಿಯ ಖಾತೆಗೆ. ಅತ್ತೆ ಸೊಸೆ ಒಂದೇ ಚೀಟಿಯಲ್ಲಿದ್ದರೆ ಹಣ ಒಬ್ಬರಿಗೆ ಮಾತ್ರ.

● ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಪಾಲು ಎಂದು ಕರ್ನಾಟಕ 1994ರಲ್ಲೇ ಒಪ್ಪಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಕೇಂದ್ರದ 2005ರ ತಿದ್ದುಪಡಿ ಆ ಗೆರೆ ಅಳಿಸಿತು. ಅಪ್ಪ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಹಕ್ಕಿಗೆ ಧಕ್ಕೆಯಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ‘ಸುಮ್ಮನೆ ಒಂದು ಸಹಿ ಹಾಕವ್ವ’ ಎಂದು ತವರಿನವರು ಹಕ್ಕು ಬಿಡುಗಡೆ ಪತ್ರ ಮುಂದಿಟ್ಟರೆ, ಮೊದಲು ಅದನ್ನು ಪೂರ್ತಿ ಓದಿಸಿಕೊಳ್ಳಿ.