ಕಾವಲಿಗೊಂದು ಕನ್ನಡಿ

ಎಪ್ಪತ್ತೈದು ಸೆಂಟು! ಕೇವಲ ಮುಕ್ಕಾಲು ಡಾಲರು. ೧೯೮೬ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಶಾಲೆಯ ಕಂಪ್ಯೂಟರ್ ಲೆಕ್ಕದಲ್ಲಿ ಇಷ್ಟು ಹಣ ತಾಳೆಯಾಗದೆ ಉಳಿಯಿತು. ಖಗೋಳವಿಜ್ಞಾನಿ ಕ್ಲಿಫರ್ಡ್ ಸ್ಟಾಲ್ ಅದರ ಜಾಡು ಹಿಡಿದು ಹೊರಟಾಗ, ಯಾರೋ ಅಪರಿಚಿತನು ಹೊರಗಿನ ತಂತಿಯ ಮೂಲಕ ಯಂತ್ರದೊಳಗೆ ನುಸುಳುತ್ತಿದ್ದುದು ತಿಳಿಯಿತು. ಬಾಗಿಲು ಮುಚ್ಚಿಬಿಟ್ಟಿದ್ದರೆ ಕಳ್ಳನು ಬೇರೊಂದು ದಾರಿಯನ್ನು ಹುಡುಕಬಹುದಾಗಿತ್ತು. ಸ್ಟಾಲ್ ಹಾಗೆ ಮಾಡಲಿಲ್ಲ. ಹೊರಗಿನಿಂದ ಬರುವ ತಂತಿಗಳಿಗೆ ಮುದ್ರಣಯಂತ್ರಗಳನ್ನು ಜೋಡಿಸಿ, ಆಗಂತುಕನು ಒತ್ತಿದ ಒಂದೊಂದು ಅಕ್ಷರವನ್ನೂ ಕಾಗದದ ಮೇಲೆ ಇಳಿಸಿಕೊಂಡರು. ಕಳ್ಳನಿಗೆ ಇದರ ಸುಳಿವೇ ಹತ್ತಲಿಲ್ಲ. ಕೊನೆಗೆ ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರವನ್ನು ಮುಟ್ಟಿತು. ಕದ್ದ ಮಾಹಿತಿ ಸೋವಿಯತ್ ಗೂಢಚಾರ ಸಂಸ್ಥೆಗೆ ಮಾರಾಟವಾಗುತ್ತಿತ್ತು!

ಸಂಚಾರವನ್ನು ತಡೆಯದೆ ಅದರ ಪ್ರತಿಬಿಂಬವನ್ನು ಮಾತ್ರ ಹಿಡಿಯುವ ಈ ಉಪಾಯವೇ ಇಂದು ಕಂಪ್ಯೂಟರ್ ಜಾಲಗಳಲ್ಲಿ ‘ಪೋರ್ಟ್ ಮಿರರಿಂಗ್’ ಎಂಬ ಹೆಸರಿನಿಂದ ಬಳಕೆಯಲ್ಲಿದೆ.

೧೯೭೩ರಲ್ಲಿ ರೂಪುಗೊಂಡ ಈಥರ್ನೆಟ್ ಜಾಲದಲ್ಲಿ ಮೊದಮೊದಲು ಎಲ್ಲ ಯಂತ್ರಗಳಿಗೂ ಒಂದೇ ತಂತಿ. ವಠಾರದಲ್ಲಿ ಒಂದು ಮನೆಯ ಮಾತು ಎಲ್ಲ ಮನೆಗಳಿಗೂ ಕೇಳಿಸುವಂತೆ, ಒಬ್ಬರ ಸಂದೇಶ ಎಲ್ಲರ ಯಂತ್ರಗಳನ್ನೂ ಮುಟ್ಟುತ್ತಿತ್ತು. ೧೯೯೦ರಲ್ಲಿ ಅಮೆರಿಕದ ‘ಕಲ್ಪನಾ’ ಎಂಬ ಸಂಸ್ಥೆ ಈಥರ್ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದಿತು. ಭಾರತೀಯ ಮೂಲದ ವಿನೋದ್ ಭಾರದ್ವಾಜರು ಅದರ ಸ್ಥಾಪಕರಲ್ಲೊಬ್ಬರು. ಅಂಚೆಯವನು ವಿಳಾಸ ನೋಡಿ ಕಾಗದ ಕೊಡುವಂತೆ, ಸ್ವಿಚ್ಚು ಸಂದೇಶವನ್ನು ಸೇರಬೇಕಾದ ದ್ವಾರಕ್ಕೇ ಕಳುಹಿಸುತ್ತದೆ. ವೇಗ ಹೆಚ್ಚಿತು, ಗುಟ್ಟೂ ಉಳಿಯಿತು. ಆದರೆ ಜಾಲದ ಕಾವಲುಗಾರನಿಗೆ ಕಣ್ಣು ಕಟ್ಟಿದಂತಾಯಿತು!

ಅದಕ್ಕೆ ಪರಿಹಾರವೇ ಈ ಕನ್ನಡಿ. ನಿರ್ವಾಹಕನ ಆಜ್ಞೆಯಂತೆ ಒಂದು ದ್ವಾರದ ಸಂಚಾರದ ನಕಲು ಮತ್ತೊಂದು ದ್ವಾರಕ್ಕೂ ಹರಿಯುತ್ತದೆ. ಅಲ್ಲಿರುವ ಪರೀಕ್ಷಕ ಯಂತ್ರ ಅದನ್ನು ಓದುತ್ತದೆ. ಆದರೆ ಕನ್ನಡಿಗೂ ಮಿತಿಯುಂಟು. ಸೆಕೆಂಡಿಗೆ ೧ ಗಿಗಾಬಿಟ್ ವೇಗದ ತಂತಿಯಲ್ಲಿ ಹೋಗುವುದೂ ಬರುವುದೂ ತುಂಬಿ ಹರಿದರೆ ಒಟ್ಟು ೨ ಗಿಗಾಬಿಟ್ ಆಯಿತು. ಅದೇ ವೇಗದ ಕನ್ನಡಿ ದ್ವಾರ ಅದರಲ್ಲಿ ಅರ್ಧವನ್ನು ಮಾತ್ರ ಹೊರಬಲ್ಲದು. ಮಿಕ್ಕದ್ದು ಸದ್ದಿಲ್ಲದೆ ಉದುರಿಹೋಗುತ್ತದೆ. ಕನ್ನಡಿಯಲ್ಲಿ ಕಾಣದ್ದು ನಡೆದೇ ಇಲ್ಲವೆಂದು ತೀರ್ಮಾನಿಸುವಂತಿಲ್ಲ.

ಗೂಢಲಿಪಿಯಲ್ಲಿ ಸಾಗುವ ಸಂದೇಶದ ತಿರುಳು ಕನ್ನಡಿಗೆ ತಿಳಿಯದು, ನಿಜ. ಆದರೂ ಯಾವ ಯಂತ್ರ ಯಾವುದರೊಡನೆ, ಎಷ್ಟು ಹೊತ್ತು ಮಾತನಾಡಿತೆಂಬುದು ಮರೆಯಾಗದು. ಕಳ್ಳನನ್ನು ತೋರಿಸುವ ಕನ್ನಡಿಯೇ ಪ್ರಾಮಾಣಿಕ ಗುಮಾಸ್ತೆಯ ಖಾಸಗಿ ಬದುಕಿಗೂ ಕಿಂಡಿಯಾಗಬಲ್ಲದು. ಸ್ಟಾಲರ ಆಗಂತುಕನಂತೆ ಅವನಿಗೂ ಅದರ ಸುಳಿವು ಹತ್ತದು. ಆದ್ದರಿಂದ ಕನ್ನಡಿಯನ್ನು ಯಾರ ಅಪ್ಪಣೆಯಿಂದ, ಯಾವ ಉದ್ದೇಶಕ್ಕಾಗಿ, ಎಷ್ಟು ದಿನ ಇರಿಸಲಾಯಿತೆಂಬುದು ಬರವಣಿಗೆಯಲ್ಲಿರಬೇಕು; ಕೆಲಸ ಮುಗಿದೊಡನೆ ಅದನ್ನು ತೆಗೆದುಬಿಡಬೇಕು. ಬೇಲಿಯೇ ಎದ್ದು ಹೊಲ ಮೇಯುವಂತಾಗಬಾರದಷ್ಟೆ!