ಮೀನಿನ ತೊಟ್ಟಿಯ ಪೀಠ

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನಲ್ಲಿ ಜನಪ್ರಿಯವಾಯಿತು. 1853ರಲ್ಲಿ ಲಂಡನ್ನಿನ ಮೃಗಾಲಯವು ಸಾರ್ವಜನಿಕರಿಗಾಗಿ ಮತ್ಸ್ಯಾಲಯವೊಂದನ್ನು ತೆರೆಯಿತು. ಇಂದು ಕರ್ನಾಟಕದ ಪಟ್ಟಣಗಳಲ್ಲಿಯೂ ಅನೇಕರ ನಡುಮನೆಯಲ್ಲಿ ಇಂತಹ ತೊಟ್ಟಿಗಳನ್ನು ಕಾಣಬಹುದು. ತೊಟ್ಟಿಯನ್ನು ಕೊಳ್ಳುವವರು ಮೀನಿನ ಬಣ್ಣ, ಗಿಡಗಳ ಅಂದ, ದೀಪದ ಬೆಳಕು ಇವುಗಳನ್ನು ಕುರಿತು ಬಹಳ ಯೋಚಿಸುತ್ತಾರೆ. ಇವೆಲ್ಲವನ್ನೂ ಹೊರಬೇಕಾದ ಪೀಠವು ಮಾತ್ರ ಕಟ್ಟಕಡೆಯಲ್ಲಿ ನೆನಪಾಗುತ್ತದೆ. ಮನೆಯಲ್ಲಿರುವ ಹಳೆಯ ಮೇಜೇ ಸಾಕೆಂದು ಭಾವಿಸುವವರೂ ಉಂಟು.

ಈ ಭಾವನೆಯನ್ನು ಲೆಕ್ಕಕ್ಕೆ ಒಡ್ಡಿ ನೋಡಬೇಕು. ಒಂದು ತೊಟ್ಟಿಯ ಒಳ ಅಳತೆ 120 ಸೆಂಟಿಮೀಟರು ಉದ್ದ, 45 ಸೆಂಟಿಮೀಟರು ಅಗಲ, 45 ಸೆಂಟಿಮೀಟರು ಎತ್ತರವೆಂದು ಭಾವಿಸೋಣ. ಅದರಲ್ಲಿ 40 ಸೆಂಟಿಮೀಟರು ಎತ್ತರಕ್ಕೆ ನೀರು ತುಂಬಿದರೆ 216 ಲೀಟರು ಹಿಡಿಯುತ್ತದೆ. ತಳದಲ್ಲಿ ಐದು ಸೆಂಟಿಮೀಟರು ದಪ್ಪಕ್ಕೆ ಸಣ್ಣ ಕಲ್ಲುಗಳನ್ನು ಹರಡಿದರೆ ಅವು ಸುಮಾರು 15 ಲೀಟರು ನೀರಿನ ಜಾಗವನ್ನು ಆಕ್ರಮಿಸುತ್ತವೆ. ಉಳಿದ ನೀರಿನ ತೂಕ, ಲೀಟರಿಗೊಂದು ಕಿಲೋಗ್ರಾಮಿನಂತೆ, ಸುಮಾರು 200 ಕಿಲೋಗ್ರಾಂ. ಕಲ್ಲುಗಳು 40, ಹತ್ತು ಮಿಲಿಮೀಟರು ದಪ್ಪದ ಗಾಜು 50ಕ್ಕೂ ಮೇಲೆ. ಮುಚ್ಚಳ, ದೀಪ, ಅಲಂಕಾರದ ಬಂಡೆಗಳು ಸೇರಿದರೆ ಒಟ್ಟು ಭಾರ 300 ಕಿಲೋಗ್ರಾಮಿಗೆ ಮುಟ್ಟುತ್ತದೆ. ಇದು ಆರು ಸಿಮೆಂಟು ಮೂಟೆಗಳ ತೂಕ. ಆರು ಸಿಮೆಂಟು ಮೂಟೆಗಳನ್ನು ಊಟದ ಮೇಜಿನ ಮೇಲೆ ಹೇರಿ ವರ್ಷಗಟ್ಟಲೆ ಹಾಗೆಯೇ ಬಿಡಲು ಯಾರೂ ಒಪ್ಪಲಾರರು. ನೀರಿಗೆ ಬಣ್ಣವಿಲ್ಲದಂತೆ ತೂಕವೂ ಇಲ್ಲವೆಂದು ಕಣ್ಣು ನಂಬಿಸುತ್ತದೆ.

ಹಾಗಾದರೆ ಪೀಠವು ಬಲವಾಗಿದ್ದರೆ ಸಾಕೇ? ಸಾಲದು. ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಒಂದು ಸ್ವಾರಸ್ಯದ ಪ್ರಸಂಗವನ್ನು ಹೇಳಿದ್ದಾನೆ. ದೊಡ್ಡ ಅಮೃತಶಿಲೆಯ ಕಂಬವೊಂದನ್ನು ಎರಡು ತುದಿಗಳಲ್ಲಿ ಮರದ ತುಂಡುಗಳ ಆಸರೆಯಿತ್ತು ಮಲಗಿಸಿದ್ದರು. ಅದು ನಡುವೆ ಮುರಿಯಬಾರದೆಂದು ಕುಶಲಿಯೊಬ್ಬನು ಮಧ್ಯದಲ್ಲಿ ಮೂರನೆಯ ಆಸರೆಯನ್ನು ಇಡಿಸಿದನು. ಕೆಲವು ತಿಂಗಳುಗಳಲ್ಲಿಯೇ ಕಂಬವು ಸರಿಯಾಗಿ ಆ ಹೊಸ ಆಸರೆಯ ಮೇಲೆಯೇ ಬಿರಿಯಿತು. ತುದಿಯ ಮರದ ತುಂಡೊಂದು ಶಿಥಿಲವಾಗಿ ಕುಸಿದಿತ್ತು. ನಡುವಿನದು ಗಟ್ಟಿಯಾಗಿಯೇ ನಿಂತಿತ್ತು. ಕಂಬದ ಅರ್ಧಭಾಗವು ಆಧಾರವಿಲ್ಲದೆ ಗಾಳಿಯಲ್ಲಿ ಚಾಚಿಕೊಂಡಂತಾಯಿತು.

ಮೀನಿನ ತೊಟ್ಟಿಗೂ ಇದೇ ಗತಿ ಒದಗಬಹುದು. ಗಾಜು ಅಮೃತಶಿಲೆಯಂತೆ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳದು. ಅದನ್ನು ಬಾಗಿಸಿದಾಗ ಒಂದು ಮೈ ಕುಗ್ಗಿ ಮತ್ತೊಂದು ಮೈ ಹಿಗ್ಗುತ್ತದೆ. ಹಿಗ್ಗಿದ ಮೈಯಲ್ಲಿ ಬಿರುಕು ಹುಟ್ಟುತ್ತದೆ. ತೊಟ್ಟಿಯ ಒಂದು ಮೂಲೆ ತಗ್ಗಿದೆಯೆಂದು ಅದರ ಅಡಿಯಲ್ಲಿ ಮಡಿಸಿದ ಕಾಗದವನ್ನೋ ನಾಣ್ಯವನ್ನೋ ತುರುಕುವವರು ತಿಳಿಯದೆ ಆ ಕುಶಲಿಯ ದಾರಿಯನ್ನೇ ಹಿಡಿದಿರುತ್ತಾರೆ. ಸರಿಪಡಿಸಬೇಕಾದುದು ತೊಟ್ಟಿಯನ್ನಲ್ಲ, ಪೀಠವನ್ನು. ಗಾರೆ ಕೆಲಸದವರು ಬಳಸುವ ರಸಮಟ್ಟವನ್ನು ಬರಿಯ ಪೀಠದ ಮೇಲೆ ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ, ವ್ಯತ್ಯಾಸವಿದ್ದರೆ ಪೀಠದ ಕಾಲುಗಳ ಕೆಳಗೆ ಬೆಣೆಯನ್ನು ಕೊಡಬೇಕು. ಮುಕ್ಕಾಲಿಯು ಎಂತಹ ನೆಲದ ಮೇಲೂ ಕುಂಟದೆ ನಿಲ್ಲುತ್ತದೆ. ನಾಲ್ಕು ಕಾಲಿನ ಪೀಠ ಹಾಗಲ್ಲ. ಒಂದು ಕಾಲು ತುಸು ಗಿಡ್ಡವಾದರೂ ಭಾರದ ಬಹುಪಾಲು ಮೂಲೆಯಿಂದ ಮೂಲೆಗೆ ಎದುರಾಗಿರುವ ಎರಡು ಕಾಲುಗಳ ಮೇಲೆ ಬೀಳುತ್ತದೆ. ತಳದಲ್ಲಿ ಚೌಕಟ್ಟಿಲ್ಲದ ತೊಟ್ಟಿಗಳ ಅಡಿಗೆ ಥರ್ಮೊಕೋಲ್ ಹಾಳೆಯನ್ನು ಹಾಸುವ ರೂಢಿಯುಂಟು. ಅದು ಮರಳಿನ ಕಣದಷ್ಟು ಉಬ್ಬುತಗ್ಗುಗಳನ್ನು ನುಂಗಿಕೊಳ್ಳಬಲ್ಲುದೇ ಹೊರತು ಸೊಟ್ಟಗಿರುವ ಪೀಠವನ್ನು ನೆಟ್ಟಗೆ ಮಾಡಲಾರದು.

ಪೀಠದ ರಚನೆಯಲ್ಲಿ ಮತ್ತೊಂದು ಅಂಶವನ್ನು ಗಮನಿಸಬೇಕು. ಮರದ ಅಡಿಪಟ್ಟಿಯನ್ನು ಮಲಗಿಸಿ ಹಿಡಿದು ಒತ್ತಿದರೆ ಸುಲಭವಾಗಿ ಬಾಗುತ್ತದೆ. ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಬಾಗದು. ತೊಲೆಯ ಆಳ ಎರಡರಷ್ಟಾದರೆ ಬಾಗುವಿಕೆಯನ್ನು ತಡೆಯುವ ಅದರ ಶಕ್ತಿ ಎಂಟರಷ್ಟಾಗುತ್ತದೆ. ಆದುದರಿಂದ ಪೀಠದ ಅಡ್ಡಪಟ್ಟಿಗಳನ್ನು ನಿಲ್ಲಿಸಿ ಜೋಡಿಸಿರಬೇಕು. ಅವು ಕಾಲುಗಳ ತಲೆಯ ಮೇಲೆ ಕುಳಿತಿರಬೇಕು. ಕಾಲಿನ ಪಕ್ಕಕ್ಕೆ ಬರಿಯ ಮೊಳೆಗಳಿಂದ ಹೊಡೆದ ಪಟ್ಟಿಯಾದರೆ ಮುನ್ನೂರು ಕಿಲೋಗ್ರಾಮನ್ನು ಮೊಳೆಗಳೇ ಹೊರಬೇಕಾಗುತ್ತದೆ. ಇನ್ನು ಪಕ್ಕದಿಂದ ಬರುವ ತಳ್ಳಾಟ. ಬೆಂಕಿಪೊಟ್ಟಣದ ಹೊರಕವಚವನ್ನು ಒಂದು ಬದಿಯಿಂದ ಒತ್ತಿದರೆ ಅದು ಓರೆಯಾಗಿ ಮಲಗಿಬಿಡುತ್ತದೆ. ಆಡುವ ಮಕ್ಕಳು ಬಂದು ಅಪ್ಪಳಿಸಿದಾಗ ಪೀಠಕ್ಕೂ ಹಾಗಾಗದಂತೆ ಮೂಲೆಯಿಂದ ಮೂಲೆಗೆ ಓರೆಪಟ್ಟಿಗಳನ್ನಾಗಲಿ, ಹಿಂಬದಿಗೆ ಗಟ್ಟಿ ಹಲಗೆಯನ್ನಾಗಲಿ ಬಿಗಿದಿರಬೇಕು. ತ್ರಿಕೋನವು ತನ್ನ ಆಕಾರವನ್ನು ಬಿಟ್ಟುಕೊಡುವುದಿಲ್ಲ.

ಸಾಮಗ್ರಿಗಳಲ್ಲಿ ತೇಗ ಉತ್ತಮ, ಆದರೆ ದುಬಾರಿ. ಬೆಸೆದ ಕಬ್ಬಿಣದ ಪೀಠವು ಅಗ್ಗ. ತುಕ್ಕು ಹಿಡಿಯದಂತೆ ಆಗಾಗ ಬಣ್ಣ ಬಳಿಯಬೇಕು. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯು ನೋಡಲು ನುಣುಪು; ನೀರು ತಗಲಿದರೆ ಊದಿ ಬಿರಿಯುತ್ತದೆ. ನೀರು ಚೆಲ್ಲುವುದು ನಿತ್ಯದ ಮಾತಾದ ಕಡೆ ಅದರ ಮೋಹ ಬೇಡ.

ಪೀಠವನ್ನು ಕೋಣೆಯ ನಡುವಿಗಿಂತ ಭಾರ ಹೊರುವ ಗೋಡೆಯ ಬಳಿ ಇಡುವುದು ಲೇಸು. ಅಲ್ಲಿ ನೆಲ ಕಡಿಮೆ ಬಾಗುತ್ತದೆ. ಮಹಡಿಯ ಮನೆಯಲ್ಲಿ ಈ ಎಚ್ಚರ ಇನ್ನೂ ಅಗತ್ಯ. ವಿದ್ಯುತ್ತಿನ ಪ್ಲಗ್ಗು ತೊಟ್ಟಿಯ ಕೆಳಗೆ ಬಾರದಂತೆ ನೋಡಿಕೊಳ್ಳಬೇಕು. ಬಳಿಕ ತೊಟ್ಟಿಗೆ ಕಾಲು ಭಾಗ ನೀರು ತುಂಬಿ, ನಾಲ್ಕು ಮೂಲೆಗಳಲ್ಲಿಯೂ ನೀರಿನ ಎತ್ತರವನ್ನು ಅಳೆಯಬೇಕು. ಅಳತೆಗಳು ಒಂದೇ ಆಗಿದ್ದರೆ ಅರ್ಧಕ್ಕೆ, ಮತ್ತೊಮ್ಮೆ ಅಳೆದು ಪೂರ್ತಿಗೆ ತುಂಬಬೇಕು. ಅಳತೆ ತಪ್ಪಿದರೆ ತುಂಬಿದ ತೊಟ್ಟಿಯನ್ನು ಎತ್ತಲು ಹೋಗದೆ, ನೀರನ್ನೆಲ್ಲ ಹೊರತೆಗೆದು, ತೊಟ್ಟಿಯನ್ನು ಇಳಿಸಿ, ಬೆಣೆಯನ್ನು ಸರಿಪಡಿಸತಕ್ಕದ್ದು. ತುಂಬಿದ ತೊಟ್ಟಿಯು ಒಂದು ಹಗಲು, ಒಂದು ರಾತ್ರಿ ಹಾಗೆಯೇ ನಿಂತಿರಲಿ. ಪೀಠದ ಕೀಲುಗಳು ಸಡಿಲಿಲ್ಲವೆಂದೂ ನೆಲದ ಮೇಲೆ ಹನಿ ಬಿದ್ದಿಲ್ಲವೆಂದೂ ಕಂಡಮೇಲೆ ಮೀನುಗಳನ್ನು ತರುವ ಯೋಚನೆ ಮಾಡಬಹುದು.