ಗಾಡಿ ಕಾದಾಗ ನಾವೂ ಕಾಯೋಣ

ಬೇಸಗೆಯ ರಜೆಯಲ್ಲಿ ಮಕ್ಕಳುಮರಿಗಳನ್ನು ಕೂರಿಸಿಕೊಂಡು ಸ್ವಂತ ಗಾಡಿಯಲ್ಲಿ ಊರಿಗೆ ಹೊರಡುವ ಕುಟುಂಬಗಳು ನಮ್ಮಲ್ಲಿ ಬಹಳ. ಮುಂಬಯಿ ಬಿಟ್ಟವರಿಗೆ ಖೋಪೋಲಿ ದಾಟಿದೊಡನೆ ಬೋರಘಾಟಿನ ಏರು ಎದುರಾಗುತ್ತದೆ. ಮೇ ತಿಂಗಳ ಬಿಸಿಲು, ತುಂಬಿದ ಗಾಡಿ, ಮೇಲೆ ಗಂಟುಮೂಟೆ, ಒಳಗೆ ಏ.ಸಿ. ಇಂಥ ಹೊತ್ತಿನಲ್ಲಿ ಹಬೆಯೆಬ್ಬಿಸಿ ದಾರಿಯ ಬದಿಗೆ ನಿಂತ ವಾಹನಗಳನ್ನು ನಾವೆಲ್ಲ ಕಂಡಿದ್ದೇವೆ. ನಾಳೆ ಆ ಸರದಿ ನಮ್ಮದಾದರೆ ಮಾಡತಕ್ಕದ್ದೇನು, ಮಾಡಬಾರದ್ದೇನು ಎಂಬುದನ್ನು ಹೊರಡುವ ಮೊದಲೇ ಅರಿತಿರುವುದು ಕ್ಷೇಮ.

ಎಂಜಿನ್ನಿನ ಸುತ್ತ ಹರಿಯುವ ದ್ರವವು ಅದರ ಶಾಖವನ್ನು ಹೊತ್ತು, ಮುಂದಿನ ರೇಡಿಯೇಟರಿಗೆ ಬಂದು, ಗಾಳಿಗೆ ತಣಿದು, ಮತ್ತೆ ಒಳಹೋಗುತ್ತದೆ. ಅದನ್ನು ತಳ್ಳುವುದು ಪಂಪು. ದಾರಿ ಬಿಡುವ ಬಾಗಿಲು ಥರ್ಮೋಸ್ಟಾಟ್. ಬಿಗಿಮುಚ್ಚಳದ ಒತ್ತಡದಿಂದಾಗಿ ಒಳಗಿನ ದ್ರವ 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದು. ನಮ್ಮ ಅಡಿಗೆಮನೆಯ ಪ್ರೆಶರ್ ಕುಕ್ಕರಿನ ನ್ಯಾಯವೇ ಇಲ್ಲಿಯದೂ. ಸೀಟಿ ಹಾಕುತ್ತಿರುವ ಕುಕ್ಕರನ್ನು ಯಾವ ಗೃಹಿಣಿಯೂ ತೆರೆಯಳು. ಆದರೂ ಕಾದ ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕುವ ಗಂಡಸರಿದ್ದಾರೆ! ಒತ್ತಡ ಇಳಿದ ಕ್ಷಣವೇ ಅದು ಕುದಿದು ಮುಖಕ್ಕೆ ಚಿಮ್ಮುತ್ತದೆ.

ಆದ್ದರಿಂದ ಮುಳ್ಳು ಕೆಂಪುಗೆರೆಯತ್ತ ಏರತೊಡಗಿದರೆ ಮೊದಲು ಏ.ಸಿ. ನಿಲ್ಲಿಸಬೇಕು. ಕಿಟಕಿ ತೆರೆದು ಹೀಟರು ಹಚ್ಚಿದರೆ, ನಮಗೆ ಸೆಕೆಯಾದರೂ, ಎಂಜಿನ್ನಿನ ಶಾಖ ಒಂದಿಷ್ಟು ಹೊರಹೋಗುತ್ತದೆ. ಸುರಕ್ಷಿತ ಸ್ಥಳ ಸಿಕ್ಕಿದೊಡನೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಮಕ್ಕಳನ್ನು ರಸ್ತೆಯಿಂದ ದೂರ ಕೂರಿಸಿ, ಕಡಿಮೆಯೆಂದರೆ ಅರ್ಧ ಗಂಟೆ ಕಾಯಬೇಕು. ಪೂರ್ತಿ ತಣಿದ ಮೇಲೆಯೇ ದಪ್ಪ ಬಟ್ಟೆ ಹಿಡಿದು ಮುಚ್ಚಳವನ್ನು ಮೆಲ್ಲನೆ ಸಡಿಲಿಸಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದು. "ಇನ್ನೆರಡೇ ಮೈಲಿ, ಹೋಗಿಬಿಡೋಣ" ಎಂದು ಓಡಿಸಿದರೆ ಸಿಲಿಂಡರ್ ಹೆಡ್ಡು ಸೊಟ್ಟಗಾಗಿ, ಗ್ಯಾಸ್ಕೆಟ್ ಹೋಗಿ, ನೂರರ ರಿಪೇರಿ ಸಾವಿರಗಳಿಗೆ ಏರುತ್ತದೆ.

ಜ್ವರವೇ ರೋಗವಲ್ಲ, ರೋಗ ಒಳಗಿರುತ್ತದೆ. ಸಂದಣಿಯಲ್ಲಿ ನಿಂತಾಗ ಕಾದು ಓಡುವಾಗ ತಣಿದರೆ ಫ್ಯಾನನ್ನೂ ಅದರ ಫ್ಯೂಸನ್ನೂ ನೋಡಿಸಬೇಕು. ವೇಗದಲ್ಲಿ, ಏರಿನಲ್ಲಿ ಮಾತ್ರ ಕಾದರೆ ರೇಡಿಯೇಟರು ಕಟ್ಟಿರಬಹುದು. ಎಂಜಿನ್ ಕಾದಿದ್ದರೂ ಅದರ ಕೆಳಗಿನ ಹೋಸು ತಣ್ಣಗೇ ಇದ್ದರೆ ಥರ್ಮೋಸ್ಟಾಟ್ ತೆರೆದಿಲ್ಲವೆಂದು ಸಂಶಯಪಡಬೇಕು. ಹೊರಗೆ ಸೋರಿಕೆ ಕಾಣದೆಯೂ ದ್ರವ ತಗ್ಗುತ್ತ, ಹಿಂದೆ ಬಿಳಿಹೊಗೆ ಬಿಡದೆ ಬರುತ್ತಿದ್ದು, ಆಯಿಲು ಹಾಲು ಬೆರೆತ ಕಾಫಿಯಂತೆ ಕಂಡರೆ ಗ್ಯಾಸ್ಕೆಟ್ ಹೋದ ಲಕ್ಷಣ. ಆಗ ಮೆಕ್ಯಾನಿಕನನ್ನು ಕರೆಯಬೇಕೇ ಹೊರತು ಮುಂದೆ ಓಡಿಸಲೇಬಾರದು.

ಮುಂಬಯಿಯಲ್ಲಿ 2023ರ ವರೆಗೂ ಟ್ಯಾಕ್ಸಿಯಾಗಿ ದುಡಿದ ಪ್ರೀಮಿಯರ್ ಪದ್ಮಿನಿಯ ಕಾಲದಿಂದ ನಮಗೆ ನಲ್ಲಿನೀರು ತುಂಬುವ ರೂಢಿ. ಇಂದಿನ ಅಲ್ಯುಮಿನಿಯಂ ರೇಡಿಯೇಟರಿಗೆ ಅದು ಸಲ್ಲದು. ಗಡಸು ನೀರಿನ ಸುಣ್ಣ ಒಳಗೆ ಕಟ್ಟಿ ದಾರಿ ಮುಚ್ಚುತ್ತದೆ. ಗಾಡಿಯ ಕೈಪಿಡಿ ಹೇಳಿದ ಕೂಲಂಟನ್ನೇ, ಹೇಳಿದ ಅವಧಿಗೆ ಬದಲಿಸಬೇಕು. ಅದರ ಬಣ್ಣ ನೋಡಿ ಮೋಸಹೋಗಬಾರದು. ಸಿಹಿರುಚಿಯ ಈ ದ್ರವ ವಿಷ. ಮಕ್ಕಳ ಕೈಗೆ ಎಟುಕದಂತಿಡಬೇಕು. ತಿಂಗಳಿಗೊಮ್ಮೆ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಡಬ್ಬಿಯ ಎರಡು ಗೆರೆಗಳ ನಡುವೆ ಮಟ್ಟವಿದೆಯೇ ಎಂದು ನೋಡುವುದಕ್ಕೆ ಒಂದು ನಿಮಿಷ ಸಾಕು.

ಅಷ್ಟಾಗಿಯೂ ಗಾಡಿ ಕಾದರೆ ಗಾಬರಿ ಬೇಡ. ಊರಿನಲ್ಲಿ ದಾರಿ ನೋಡುತ್ತಿರುವ ಹಿರಿಯರಿಗೆ ಫೋನು ಮಾಡಿ, ಒಂದು ಗಂಟೆ ತಡವಾಗುವುದೆಂದು ತಿಳಿಸಿದರಾಯಿತು.